ಸರೋಜಪ್ಪನ ವಿಚಾರ

ನಮ್ಮ ಯಜಮಾನರು ಮೂರು ದಿನದಿಂದ ಗೇಟಿನ ಕೀಲುಗಳಿಗೆ ಎಣ್ಣೆ ಬಿಡುತ್ತಿದ್ದರು. ಮೊದಲ ದಿನ ಕೊಬ್ಬರಿ ಎಣ್ಣೆ, ಎರಡನೇ ದಿನ ಹೊಲಿಗೆ ಮಿಷನ್ನಿನ ಎಣ್ಣೆ, ಮೂರನೇ ದಿನ ಗ್ಯಾರೇಜಿನಿಂದ ತಂದ ಗ್ರೀಸು. ಆದರೂ ಬೆಳಗಿನ ಜಾವ 4.45ಕ್ಕೆ ಸರಿಯಾಗಿ ‘ಕಿರ್ರ್ರ್‌ಕ್’ ಎಂಬ ಸದ್ದು ಬರುತ್ತಲೇ ಇತ್ತು. ಯಾರೋ ಗೇಟು ತೆಗೆದು ಹಾಲಿನ ಪ್ಯಾಕೆಟ್ಟಿಗೆ ಕೈ ಹಾಕುತ್ತಿದ್ದಾರೆ ಎಂಬುದು ಅವರ ಗುಮಾನಿ. ನಾಲ್ಕನೇ ದಿನ ಟಾರ್ಚು, ದೊಣ್ಣೆ ಹಿಡಿದು ಕತ್ತಲಲ್ಲೇ ಮೆಟ್ಟಿಲ ಮೇಲೆ ಹೊಂಚುಹಾಕಿ ಕೂತರು. ಗೇಟು ಅಲುಗಲಿಲ್ಲ. ಸದ್ದು ಬಂದದ್ದು ಹಿತ್ತಲಿನಿಂದ. ಕೋಳಿಗೂಡಿನ ಮೇಲಿನ ಹಲಗೆಯಲ್ಲಿ ನಮ್ಮ ಸರೋಜ ಕತ್ತು ನೀಳ ಮಾಡಿ, ಕಣ್ಣು ಮುಚ್ಚಿ, ಸಂಗೀತದ ಮೇಷ್ಟ್ರ ಮುಂದೆ ಮೊದಲ ಸಲ ಕೂತ ಹುಡುಗಿಯ ಹಾಗೆ ಶ್ರುತಿ ಹುಡುಕುತ್ತಿದ್ದಳು.

ಅವರು ಒಳಗೆ ಬಂದು ನನ್ನನ್ನು ಎಬ್ಬಿಸಿ, “ನೋಡೇ, ಸರೋಜ ಹುಡುಗಿ ಅಲ್ಲ” ಎಂದರು. ನಿದ್ದೆಗಣ್ಣಿನಲ್ಲಿ ನನಗೆ ನೆನಪಾದದ್ದು ಎಂಟನೇ ಕ್ಲಾಸು ‘ಬಿ’ ಸೆಕ್ಷನ್ನಿನ ಸರೋಜ. ಅವಳ ಮದುವೆಗೆ ಹೋಗಿ ಊಟ ಮಾಡಿ ಬಂದಿದ್ದೇನಲ್ಲ ಎಂದು ಗಾಬರಿಯಾಯಿತು.

ಆ ಹೆಸರು ಬಂದದ್ದೂ ಅಲ್ಲಿಂದಲೇ. ಬೇಸಿಗೆ ರಜೆಗೆ ಬಂದಿದ್ದ ಮೊಮ್ಮಗಳು ನನ್ನ ಹಳೆಯ ಹಾಜರಿ ಪುಸ್ತಕ ನೋಡಿ ಕೋಳಿಗಳಿಗೆಲ್ಲ ಹೆಸರಿಟ್ಟಳು. ಎರಡು ವರ್ಷದಿಂದ ನಮ್ಮಲ್ಲಿದ್ದ ಮೂರು ಹೇಂಟೆಗಳು ಗಿರಿಜ, ವಿಮಲ, ನಾಗರತ್ನ ಆದವು. ಹೊಸದಾಗಿ ಕೊಂಡ ನಾಲ್ಕು ಮರಿಗಳು ಸರೋಜ, ಲಲಿತ, ಪದ್ಮ, ಪುಟ್ಟಲಕ್ಷ್ಮಿ. ಮರಿ ತಂದುಕೊಟ್ಟವನು ಬೈಕಿನ ಹಿಂದೆ ಬಿದಿರಿನ ಕುಕ್ಕೆ ಕಟ್ಟಿಕೊಂಡು ಬೀದಿ ಬೀದಿ ಸುತ್ತುವವನು. “ನಾಟಿ ಅಕ್ಕಾ, ಅಪ್ಪಟ ನಾಟಿ. ನಾಲ್ಕಕ್ಕೆ ನಾಲ್ಕೂ ಹೇಂಟೆ” ಎಂದ. ಹೇಗೆ ಗೊತ್ತು ಎಂದು ಕೇಳಿದೆ. “ಮುಖದ ಮೇಲೇ ಬರೆದಿರುತ್ತಲ್ಲಕ್ಕಾ” ಎಂದ. ಮೂವತ್ತೊಂದು ವರ್ಷ ಪ್ರೌಢಶಾಲೆಯಲ್ಲಿ ಕನ್ನಡ ಪಾಠ ಮಾಡಿದವಳು ನಾನು. ಮರಿಗಳ ಮುಖವನ್ನೇ ಓದುತ್ತ ನಿಂತು, ಅವನ ಮುಖದ ಮೇಲೆ ಬರೆದಿದ್ದನ್ನು ಓದದೆ ಬಿಟ್ಟೆ. ಅವನು ಕೊಟ್ಟುಹೋದ ಮೊಬೈಲ್ ನಂಬರು ಈಗ ಚಾಲ್ತಿಯಲ್ಲಿಲ್ಲ.

ಮೂರನೇ ತಿಂಗಳಿಗೇ ಸರೋಜಳ ಜುಟ್ಟು ಕೆಂಪಗಾಗಿತ್ತು. ನಾವು ಹಾಕುವ ರಾಗಿ, ಸಜ್ಜೆಯ ಪ್ರಭಾವ ಎಂದುಕೊಂಡು ಹೆಮ್ಮೆಪಟ್ಟಿದ್ದೆವು. ಈಗ ನಮ್ಮವರು ಅವನನ್ನು ಸರೋಜಪ್ಪ ಎಂದು ಕರೆಯುತ್ತಾರೆ. ಮೊಮ್ಮಗಳು ಫೋನಿನಲ್ಲಿ, “ಹೆಸರು ಚೇಂಜ್ ಮಾಡಬೇಡಿ ಅಜ್ಜಿ, ಪಾಪ ಕನ್‌ಫ್ಯೂಸ್ ಆಗತ್ತೆ” ಎಂದಳು. ಕನ್‌ಫ್ಯೂಸ್ ಆಗಿರುವವರು ಅವನನ್ನು ಬಿಟ್ಟು ಉಳಿದವರೆಲ್ಲ.

ಇಟ್ಟುಕೊಳ್ಳುವುದೋ, ಕೊಟ್ಟುಬಿಡುವುದೋ? ಮಗನನ್ನು ಯಾವ ಕಾಲೇಜಿಗೆ ಸೇರಿಸಲಿ ಎಂದು ನಾನು ಹತ್ತು ಜನರನ್ನು ಕೇಳಿದ್ದಾಗ ಒಬ್ಬರೂ ಸರಿಯಾಗಿ ಬಾಯಿ ಬಿಟ್ಟಿರಲಿಲ್ಲ. ಹುಂಜದ ವಿಚಾರದಲ್ಲಿ ಮಾತ್ರ ಮೈಸೂರಿನ ಅಂಚಿನ ಈ ಬಡಾವಣೆಯಲ್ಲಿ ಅಭಿಪ್ರಾಯ ಇಲ್ಲದ ಮನುಷ್ಯನೇ ಇಲ್ಲ. ಕೋಳಿಯನ್ನು ಕೇಳಿ ಮಸಾಲೆ ಅರೆಯುತ್ತಾರೆಯೇ ಎಂದು ಗಾದೆ. ಇಲ್ಲಿ ಸಾಕಿದವಳನ್ನೂ ಕೇಳುವುದಿಲ್ಲ.

ಮೊದಲು ಬಂದವರು ಮೂರನೇ ಮನೆಯ ರಾಯರು. ಅವರ ಮನೆಯಲ್ಲಿ ಮೊಟ್ಟೆ ಎಂಬ ಮಾತನ್ನೇ ಆಡುವುದಿಲ್ಲ. ಹೋದ ವರ್ಷ ಕಾಯಿಲೆ ಬಿದ್ದು ಎದ್ದ ಮೇಲೆ ಡಾಕ್ಟರು ಪ್ರೋಟೀನು ಬೇಕೇ ಬೇಕು ಎಂದರಂತೆ. ಅಂದಿನಿಂದ ಬುಧವಾರ ಮತ್ತು ಭಾನುವಾರ, ಮಧ್ಯೆ ಏಕಾದಶಿ ಬಂದರೆ ಅದನ್ನು ಬಿಟ್ಟು ಮಾರನೇ ದಿನ, ಒಂದು ಸ್ಟೀಲ್ ಡಬ್ಬಿ ಹಿಡಿದು ಬರುತ್ತಾರೆ. ನೋಡಿದವರು ದೋಸೆ ಹಿಟ್ಟು ಎಂದುಕೊಳ್ಳಬೇಕು. ನಾನು ಎರಡು ‘ಅದು’ ಹಾಕಿ ಮುಚ್ಚಳ ಮುಚ್ಚಿ ಕೊಡುತ್ತೇನೆ. ಅವರು ಮೂವತ್ತು ರೂಪಾಯಿ ಕೊಟ್ಟು, “ಬಿಸಿಲು ಜಾಸ್ತಿ ಅಲ್ವಾ ಮೇಡಂ” ಎಂದು ಹೊರಡುತ್ತಾರೆ.

ಈ ವ್ಯವಹಾರಕ್ಕೆ ಅವರದೊಂದು ಸಿದ್ಧಾಂತವಿತ್ತು. ಹುಂಜವಿಲ್ಲದ ಮನೆಯ ಮೊಟ್ಟೆಯಲ್ಲಿ ಜೀವವಿಲ್ಲ, ಅದು ಹಾಲಿನ ಸಮಾನ. ಅಂಗಡಿಯ ಮೊಟ್ಟೆ ಇಡುವ ಕೋಳಿಗಳೂ ಹುಂಜದ ಮುಖ ಕಂಡಿರುವುದಿಲ್ಲ ಎಂದು ನಾನೊಮ್ಮೆ ಹೇಳಿದೆ. ಅವರು ತಲೆ ಅಲ್ಲಾಡಿಸಿದರು. “ಫಾರಮ್ಮಿನಲ್ಲಿ ಏನು ನಡೆಯುತ್ತೋ ಯಾರು ಕಂಡೋರು? ನಿಮ್ಮದು ಕಣ್ಣಾರೆ ಕಂಡ ಬ್ರಹ್ಮಚರ್ಯ.”

ಸರೋಜಪ್ಪನ ಸ್ವರ ಬಲಿತ ಮೇಲಿನ ಬುಧವಾರ ರಾಯರು ಗೇಟಿನ ಹೊರಗೇ ನಿಂತರು. ಡಬ್ಬಿ ಬೆನ್ನ ಹಿಂದಿತ್ತು. “ಬೆಳಿಗ್ಗೆ ಕೂಗಿದ್ದು ನಿಮ್ಮನೇದೇನಾ ಮೇಡಂ?” ಹೌದು ಎಂದೆ. ಅವರ ಮುಖ ನೋಡಿ ಕನಿಕರವೇ ಆಯಿತು. “ಅವನನ್ನ ಬೇರೆ ಕಡೆ ಕಟ್ಟಿಹಾಕಿದರೆ ನಾಳೆಯಿಂದ ಸರಿಹೋಗುತ್ತಲ್ಲ?” ಎಂದರು. ಪಾಠ ಮಾಡುವ ಚಟ, ಸುಮ್ಮನಿರಲಾರದೆ ಹೇಳಿಬಿಟ್ಟೆ: ಹುಂಜದ ಜೊತೆ ಒಮ್ಮೆ ಕೂಡಿದ ಹೇಂಟೆ ಆಮೇಲೆ ಹೆಚ್ಚುಕಡಿಮೆ ಎರಡು ವಾರ ಫಲಿತ ಮೊಟ್ಟೆ ಇಡಬಲ್ಲದು. ರಾಯರು ಬೆರಳು ಮಡಿಸಿ ಲೆಕ್ಕ ಹಾಕಿದರು. “ಅಂದರೆ ಒಂದು ಪಕ್ಷ” ಎಂದರು. ಯಾರೋ ಹತ್ತಿರದ ದಾಯಾದಿ ಹೋದ ಸುದ್ದಿ ಕೇಳಿದವರ ಹಾಗೆ ಮೆಲ್ಲಗೆ ಮನೆ ಕಡೆ ನಡೆದರು.

ಮೂಲೆಮನೆಯವರು ಬಂದದ್ದು ಬೇರೆ ಠೀವಿಯಲ್ಲಿ. ಟ್ರ್ಯಾಕ್ ಪ್ಯಾಂಟು, ಕೈಯಲ್ಲಿ ಫೋನು. “ನಾಯ್ಸ್ ಪೊಲ್ಯೂಷನ್ ಮೇಡಂ” ಎಂದರು. ನನಗೆ ಸಿಟ್ಟು ನೆತ್ತಿಗೇರಿತು, ಈಗ ಬರೆಯುವಾಗಲೂ ಇಳಿದಿಲ್ಲ. ಈ ಮಹಾನುಭಾವರು ಎಂಟು ತಿಂಗಳು ಮೂರನೇ ಅಂತಸ್ತು ಕಟ್ಟಿಸಿದರು. ಟೈಲ್ಸ್ ಕತ್ತರಿಸುವ ಆ ಯಂತ್ರದ ಕಿರುಚಾಟದಲ್ಲಿ ನನ್ನ ಒಂದು ಮಳೆಗಾಲ, ಒಂದು ಚಳಿಗಾಲ ಹೋಯಿತು. ಅವರ ಕಾರು ಹಿಂದಕ್ಕೆ ಹೋಗುವಾಗ ಹಾಡುತ್ತದೆ. ಅವರು ಹಿಂದಕ್ಕೆ ತೆಗೆಯುವುದು ರಾತ್ರಿ ಹನ್ನೊಂದಕ್ಕೆ. ಅವರ ಟೆರೇಸಿನ ನಾಯಿ ಹುಣ್ಣಿಮೆಗೂ ಬೊಗಳುತ್ತದೆ, ಅಮಾವಾಸ್ಯೆಗೂ ಬೊಗಳುತ್ತದೆ. ಇಷ್ಟೆಲ್ಲ ಜೋಗುಳದಲ್ಲಿ ನಿದ್ದೆ ಹೋಗುವ ಮನುಷ್ಯನಿಗೆ ಒಂದು ಕೋಳಿ ಕೂಗಿದರೆ ಎಚ್ಚರವಾಗುತ್ತದಂತೆ.

ಯಜಮಾನರು ನಿವೃತ್ತ ಇಂಜಿನಿಯರು. ಅವರಿಗೆ ಸಿಟ್ಟು ಬರುವುದಿಲ್ಲ, ದಾಖಲೆ ಬರುತ್ತದೆ. 2000ನೇ ಇಸವಿಯ ಶಬ್ದಮಾಲಿನ್ಯ ನಿಯಮಗಳನ್ನು ತೆಗೆದು, ಕನ್ನಡಕ ಏರಿಸಿ ಓದಿದರು. ವಸತಿ ಪ್ರದೇಶದಲ್ಲಿ ಹಗಲು 55 ಡೆಸಿಬೆಲ್, ರಾತ್ರಿ 45. ರಾತ್ರಿ ಎಂದರೆ 10ರಿಂದ ಬೆಳಿಗ್ಗೆ 6. ಓದಿ ಮುಗಿಸಿದವರು ಕಾಗದ ಮಡಚಿ ಜೇಬಿಗಿಟ್ಟುಕೊಂಡರು. ಸರೋಜಪ್ಪ ಕೂಗುವುದು 4.45ಕ್ಕೆ. ಗೆಲ್ಲಲೆಂದು ತೆಗೆದ ನಿಯಮ ಮೂಲೆಮನೆಯವರ ಪಕ್ಷ ಸೇರಿತ್ತು.

ಹಾಗಾದರೆ ಆರು ಗಂಟೆಯ ಮೇಲೆ ಕೂಗುವ ಹಾಗೆ ಮಾಡಿದರಾಯಿತು ಎಂದು ಗೂಡಿಗೆ ಕಪ್ಪು ಟಾರ್ಪಾಲು ಹೊದಿಸಿದರು. ಬೆಳಕೇ ಕಾಣದಿದ್ದರೆ ಬೆಳಗಾಯಿತೆಂದು ಅವನಿಗೆ ಗೊತ್ತಾಗುವುದು ಹೇಗೆ ಎಂಬುದು ತರ್ಕ. ಜಪಾನಿನ ನಗೋಯಾ ವಿಶ್ವವಿದ್ಯಾಲಯದವರು 2013ರಲ್ಲೇ ಇದನ್ನು ನೋಡಿ ಮುಗಿಸಿದ್ದರು ಎಂಬುದು ಆಮೇಲೆ ತಿಳಿಯಿತು. ಹಗಲು ರಾತ್ರಿ ಒಂದೇ ಸಮನೆ ಮಬ್ಬು ಬೆಳಕಿನಲ್ಲಿ ಇಟ್ಟರೂ ಹುಂಜಗಳು ದಿನದ ಲೆಕ್ಕ ತಪ್ಪದೆ ಕೂಗಿದವಂತೆ, ಗಡಿಯಾರ ಮೈಯೊಳಗೇ ಇದೆಯಂತೆ. ನಾಲ್ಕಾರು ಹುಂಜಗಳಿದ್ದ ಕಡೆ ಮೊದಲು ಕೂಗುವ ಹಕ್ಕು ಯಜಮಾನ ಹುಂಜದ್ದು, ಉಳಿದವು ಅಂತಸ್ತಿನ ಪ್ರಕಾರ ಒಂದಾದ ಮೇಲೊಂದು ಎಂಬುದನ್ನೂ ಅವರೇ ಕಂಡುಹಿಡಿದರು. ಸರೋಜಪ್ಪ ಒಂಟಿ, ಆದ್ದರಿಂದ ಕಾಯುವ ತಾಪತ್ರಯವೇ ಇಲ್ಲ. ಟಾರ್ಪಾಲಿನ ಒಳಗಿನಿಂದ 4.45ಕ್ಕೆ ಅವನು ಕೂಗಿದಾಗ ಮೊದಲಿಗಿಂತ ಗಂಭೀರವಾಗಿ, ಕಲ್ಯಾಣಮಂಟಪದ ಮೈಕಿನಲ್ಲಿ ಕೂಗಿದ ಹಾಗೆ ಕೇಳಿಸಿತು.

ಇಷ್ಟು ಜೋರಾಗಿ ಕಿರುಚಿಕೊಂಡು ಅದರ ಕಿವಿಯೇ ಹೋಗುವುದಿಲ್ಲವೇ ಎಂದು ನಾನು ಕೇಳಿದೆ. ಅದಕ್ಕೂ ಉತ್ತರವಿದೆ. ಹುಂಜ ಪೂರ್ತಿ ಬಾಯಿ ತೆರೆದಾಗ ಅದರ ಕಿವಿಯ ದಾರಿ ಭಾಗಶಃ ಮುಚ್ಚಿಕೊಳ್ಳುತ್ತದೆ, ತನ್ನ ಕೂಗು ತನಗೆ ತಾಗದ ಹಾಗೆ. ಬೆಲ್ಜಿಯಂನವರು 2018ರಲ್ಲಿ ಇದನ್ನು ಬರೆದರು. ಮೈಕ್ ಹಿಡಿದವರನ್ನು ಹತ್ತಿರದಿಂದ ನೋಡಿದ ನನಗೆ ಇದೇನೂ ಹೊಸದೆನ್ನಿಸಲಿಲ್ಲ.

ಯಜಮಾನರು ಸೋಲು ಒಪ್ಪದೆ ಫ್ರಾನ್ಸಿನವರೆಗೂ ಹೋದರು. ಅಲ್ಲೊಂದು ದ್ವೀಪದಲ್ಲಿ ಮಾರಿಸ್ ಎಂಬ ಹುಂಜ ಬೆಳಿಗ್ಗೆ ಕೂಗುತ್ತದೆಂದು ರಜೆಮನೆಯವರು ದಾವೆ ಹೂಡಿದ್ದರು. 2019ರಲ್ಲಿ ಕೋರ್ಟು ಹುಂಜದ ಪರ ತೀರ್ಪು ಕೊಟ್ಟಿತು. 2021ರಲ್ಲಿ ಹಳ್ಳಿಗಾಡಿನ ಸದ್ದು, ವಾಸನೆಗಳೂ ನಾಡಿನ ಆಸ್ತಿಯೆಂದು ಅಲ್ಲಿ ಕಾನೂನೇ ಆಯಿತು. ಇದನ್ನು ಅವರು ಮೂಲೆಮನೆಯವರಿಗೆ ವಿವರವಾಗಿ ಹೇಳಿದರು. “ಸಾರ್, ಅದು ಹಳ್ಳಿ. ಇದು ಲೇಔಟ್” ಎಂದರು ಅವರು.

ಲೇಔಟ್ ಹೌದು. ಹದಿನಾಲ್ಕು ವರ್ಷದ ಹಿಂದೆ ಇದು ರಾಗಿಹೊಲ. ನಮ್ಮ ಮನೆಗೆಲಸಕ್ಕೆ ಬರುವ ಪುಟ್ಟಮ್ಮನ ಮಾವನದು. ಈಗ ಮೂಲೆಮನೆ ನಿಂತಿರುವ ಕಡೆ ಅವರ ಕಣವಿತ್ತಂತೆ, ಅಲ್ಲಿ ಅವಳ ಕೋಳಿಗಳು ಮೇಯುತ್ತಿದ್ದವಂತೆ. ಕೋಳಿ ಮೊದಲೋ ಮೊಟ್ಟೆ ಮೊದಲೋ ನನಗೆ ಗೊತ್ತಿಲ್ಲ. ಕೋಳಿ ಮೊದಲೋ ಲೇಔಟ್ ಮೊದಲೋ ಎಂಬುದರಲ್ಲಿ ಸಂಶಯವಿಲ್ಲ.

ಪುಟ್ಟಮ್ಮ ಪೂರ್ತಿ ಸರೋಜಪ್ಪನ ಕಡೆ. “ಹುಂಜ ಇದ್ರೇನೆ ಹಟ್ಟಿಗೊಂದ್ ಕಳೆ ಕಣ್ರವ್ವ. ಹ್ಯಾಟೆಗೋಳ್ಗೂ ಒಂದು ಗಂಡು ದಿಕ್ಕು ಬ್ಯಾಡ್ವಾ?” ಎನ್ನುತ್ತಾಳೆ. ಈ ಮಾತು ಕೇಳಿದರೆ ನನಗೆ ಮೈ ಉರಿಯುತ್ತದೆ. ಗಿರಿಜ, ವಿಮಲ, ನಾಗರತ್ನ ಎರಡು ವರ್ಷ ಯಾವ ದಿಕ್ಕೂ ಇಲ್ಲದೆ ಉಂಡು, ಮೊಟ್ಟೆಯಿಟ್ಟು, ಮಣ್ಣಿನಲ್ಲಿ ಹೊರಳಿ ಸುಖವಾಗಿದ್ದರು. ಈಗ ವಿಮಲಳ ಬೆನ್ನಿನ ಮೇಲೆ ಪುಕ್ಕವಿಲ್ಲ. ಎಂಟು ಹತ್ತು ಹೇಂಟೆಗೆ ಒಂದು ಹುಂಜ ಸಾಕು ಎನ್ನುತ್ತಾರೆ ಬಲ್ಲವರು. ನಮ್ಮಲ್ಲಿರುವುದು ಆರು, ಅದರಲ್ಲೂ ಅವನಿಗೆ ವಿಮಲಳೇ ಬೇಕು.

ಆದರೂ ನ್ಯಾಯ ಹೇಳಬೇಕು. ಆಕಾಶದಲ್ಲಿ ಗಿಡುಗ ಕಂಡರೆ ಅವನು ಹೊರಡಿಸುವ ಸದ್ದೇ ಬೇರೆ, ಬೇಲಿಯಲ್ಲಿ ಮುಂಗುಸಿ ಕಂಡರೆ ಬೇರೆ. ಮೊದಲನೆಯದಕ್ಕೆ ಹೇಂಟೆಗಳು ದಾಸವಾಳದ ಬುಡಕ್ಕೆ ನುಗ್ಗುತ್ತವೆ, ಎರಡನೆಯದಕ್ಕೆ ಕತ್ತೆತ್ತಿ ನಿಲ್ಲುತ್ತವೆ. ಹುಳ ಸಿಕ್ಕರೆ ತಾನು ತಿನ್ನದೆ ಕೊಕ್ಕಿನಲ್ಲಿ ಎತ್ತಿ, ಹಾಕಿ, ಎತ್ತಿ, ಹಾಕಿ, ಕೊಕ್ ಕೊಕ್ ಎಂದು ಕರೆಯುತ್ತಾನೆ. ಅದೇನು ದಾಕ್ಷಿಣ್ಯ ಎಂದು ನಾನು ಕರಗಿಹೋಗಿದ್ದೆ. ಹತ್ತಿರ ಹೋಗಿ ನೋಡಿದರೆ ಎಷ್ಟೋ ಸಲ ಅಲ್ಲಿ ಹುಳವೇ ಇರುವುದಿಲ್ಲ. ಓಡಿ ಬಂದ ವಿಮಲಳ ಗತಿ ಹೇಳಬೇಕಿಲ್ಲ.

ಕೊಟ್ಟುಬಿಡೋಣವೆಂದರೆ ತೆಗೆದುಕೊಳ್ಳಲು ಬಂದವರೆಲ್ಲ “ಸಾಕ್ತೀವಿ” ಎನ್ನುತ್ತ ಅವನ ತೊಡೆಯನ್ನೇ ನೋಡುತ್ತಾರೆ. ಮಂಗಳೂರಿನ ಕಡೆಯ ಹಳೆಯ ಸಹೋದ್ಯೋಗಿಯೊಬ್ಬರ ನೆಂಟರು ಫೋನು ಮಾಡಿ, “ಬಣ್ಣ ಎಂಥದ್ದು? ಬೊಳ್ಳೆಯಾ, ಕಕ್ಕೆಯಾ?” ಎಂದು ಕೇಳಿದರು. ಯಾವ ದಿನ ಯಾವ ಬಣ್ಣದ ಹುಂಜ ಗೆಲ್ಲುತ್ತದೆಂದು ಹೇಳಲು ಅವರ ಕಡೆ ಕುಕ್ಕುಟ ಪಂಚಾಂಗವೇ ಇದೆ. ಕಾಲಿಗೆ ಬಾಳು ಎಂಬ ಚೂರಿ ಕಟ್ಟಿ ಕೋಳಿ ಅಂಕಕ್ಕೆ ಬಿಡಲು ನಾನು ಇವನಿಗೆ ರಾಗಿ ಹಾಕಿಲ್ಲ. ಫೋನಿಟ್ಟೆ.

ಆಗ ಪುಟ್ಟಮ್ಮ, “ಮಾರಮ್ಮನ ಹೆಸ್ರಲ್ಲಿ ಬುಟ್ಬುಡಿ ಕಣ್ರವ್ವ. ಆಮೇಕೆ ಅವ್ನ ತಂಟೆಗೆ ಯಾರ್ ಬತ್ತಾರೆ ನೋಡಾವ” ಎಂದಳು. ನನ್ನ ಎಡಗಾಲಿನ ಮೀನಖಂಡದ ಮೇಲೆ ಒಂದು ಹಳೆಯ ಗಾಯದ ಕಲೆಯಿದೆ. ಅದು ನವೆಯಾದಂತಾಯಿತು.

ನನ್ನ ತಾಯಿಯ ತವರು ಹುಣಸೂರಿನ ಕಡೆಯ ಒಂದು ಹಳ್ಳಿ. ರಾಗಿ, ಅವರೆ, ಹೊಗೆಸೊಪ್ಪು. ನನ್ನ ಚಿಕ್ಕಮಾವನಿಗೆ ಹದಿನೆಂಟು ವರ್ಷವಿದ್ದಾಗ ವಿಷಮಶೀತ ಜ್ವರ ಬಂದು ಇಪ್ಪತ್ತು ದಿನ ಕಣ್ಣು ಬಿಡಲಿಲ್ಲ. ಅಜ್ಜಿ ಮಾರಮ್ಮನ ಗುಡಿಗೆ ಹೋಗಿ ಸೆರಗೊಡ್ಡಿ, ಮಗ ಎದ್ದರೆ ಒಂದು ಹುಂಜ ಕೊಡುತ್ತೇನೆ ಎಂದಳು. ಮಾವ ಎದ್ದ. ಅಜ್ಜಿ ಆ ಸಲದ ಮರಿಗಳಲ್ಲಿ ಚೆನ್ನಾಗಿದ್ದುದನ್ನು ಆರಿಸಿ, ಅರಿಶಿನದ ನೀರು ಚಿಮುಕಿಸಿ, ಇದು ಅಮ್ಮನದು ಎಂದು ಬಿಟ್ಟಳು. ಕೆಂಪು ಕತ್ತು, ಕಪ್ಪು ಬಾಲ. ಅಂದಿನಿಂದ ಆ ಹುಂಜಕ್ಕೆ ಯಾರೂ ಕೋಲೆತ್ತುವಂತಿಲ್ಲ, ‘ಹುಶ್’ ಎನ್ನುವಂತಿಲ್ಲ, ಮಾರುವಂತಿಲ್ಲ, ಕೊಯ್ಯುವುದಂತೂ ದೂರ.

ಯುಗಾದಿ ಕಳೆದ ಮೇಲಿನ ಮಾರಿಹಬ್ಬಕ್ಕೆ ಒಪ್ಪಿಸುವುದೆಂದು ಲೆಕ್ಕ. ಮೊದಲ ವರ್ಷ ದಾಯಾದಿಯೊಬ್ಬರು ಹಬ್ಬಕ್ಕೆ ಆರು ದಿನವಿರುವಾಗ ತೀರಿಕೊಂಡರು. ಸೂತಕ. ಎರಡನೇ ವರ್ಷ ಮೊದಲ ಪೂಜೆ ಯಾರದೆಂದು ಮೇಲಿನ ಕೇರಿಗೂ ಕೆಳಗಿನ ಕೇರಿಗೂ ಜಗಳವಾಗಿ ಹಬ್ಬವೇ ನಿಂತಿತು. ಮೂರನೇ ವರ್ಷ ಊರಿಗೆ ಕೊಕ್ಕರೆ ರೋಗ ಬಂತು. ಒಂದು ವಾರದಲ್ಲಿ ಊರಿನ ಕುಕ್ಕೆಗಳೆಲ್ಲ ಖಾಲಿ. ಕತ್ತು ತಿರುಚಿಕೊಂಡು ಕೋಳಿಗಳು ಬಿದ್ದುದನ್ನು ನಾನೇ ನೋಡಿದ್ದೇನೆ. ನಮ್ಮ ಹುಂಜಕ್ಕೆ ಒಂದು ಸೀನೂ ಬರಲಿಲ್ಲ. ಊರಿಗೆ ಊರೇ ಬಂದು ಅದಕ್ಕೆ ಕೈ ಮುಗಿಯಿತು. ಇಡೀ ಊರಿಗೆ ಉಳಿದ ಒಂದೇ ಹುಂಜವನ್ನು ಕೊಯ್ಯಲು ಆ ವರ್ಷ ಯಾರಿಗೆ ಕೈ ಬಂದೀತು? ನಾಲ್ಕನೇ ವರ್ಷ ಅಜ್ಜಿ ಏನೋ ನೆಪ ಹೇಳಿದಳು. ಅವಳಿಗೆ ಅದರ ಮೇಲೆ ಪ್ರೀತಿ ಬಂದುಬಿಟ್ಟಿತ್ತು ಎಂದು ನನಗೆ ಈಗ ಅನ್ನಿಸುತ್ತದೆ. ಆಗ ಅನ್ನಿಸಿದ್ದು, ಅಜ್ಜಿಗೆ ನನಗಿಂತ ಅದೇ ಹೆಚ್ಚು ಎಂದು.

ಯಾಕೆಂದರೆ ಆ ಹುಂಜಕ್ಕೆ ತನ್ನ ಅಧಿಕಾರ ಗೊತ್ತಾಗಿತ್ತು. ಒಣಹಾಕಿದ ರಾಗಿಯ ಮೇಲೆ ನಡುಮಧ್ಯಾಹ್ನ ನಿಂತು ಕೆದರಿ ಕೆದರಿ ತಿನ್ನುತ್ತಿತ್ತು. ರಾತ್ರಿ ಮಲಗುವುದು ಅಟ್ಟದ ಮೇಲೆ, ಬೆಳಗಿನ ಕೂಗು ತಾತನ ತಲೆಯ ನೇರಕ್ಕೆ. ಹೊಗೆಸೊಪ್ಪಿನ ಲೆಕ್ಕಕ್ಕೆ ಬಂದ ಸಾಹೇಬರ ಜೀಪಿನ ಬಾನೆಟ್ಟು ಏರಿ ಒಂದು ಗಂಟೆ ಇಳಿಯಲಿಲ್ಲ. ಸಾಹೇಬರು ಡ್ರೈವರಿಗೆ ಓಡಿಸು ಎಂದರೆ, “ಮಾರಮ್ಮನದು ಸಾರ್, ನಂಗೆ ಸಣ್ಣ ಮಕ್ಕಳವೆ” ಎಂದು ಅವನು ಕೈ ಮುಗಿದ. ಲೆಕ್ಕ ಆ ದಿನ ಜೀಪಿನ ನೆರಳಲ್ಲೇ ಆಯಿತು.

ನನಗೆ ಆಗ ಒಂಬತ್ತು ವರ್ಷ. ಬೇಸಿಗೆ ರಜೆಯಲ್ಲಿ ಅಜ್ಜಿ ಮನೆ ಎಂದು ಎಲ್ಲರೂ ಹಾಡುತ್ತಾರಲ್ಲ, ಮಾವಿನಕಾಯಿ, ಹುಣಸೆಮರ, ಬಾವಿಯಲ್ಲಿ ಈಜು. ನನ್ನ ಪಾಲಿಗೆ ಅಜ್ಜಿಮನೆ ಎಂದರೆ ಹಿತ್ತಲ ಬಾಗಿಲಿನಿಂದ ಬಯಲ ಕಡೆ ಹೋಗಿ ಜೀವಸಹಿತ ವಾಪಸು ಬರುವುದು. ಅದು ತಿಪ್ಪೆಯ ಹಿಂದೆ ಕಾದಿರುತ್ತಿತ್ತು. ದೊಡ್ಡವರ ಮೇಲೆ ಏರಿ ಹೋಗುತ್ತಿರಲಿಲ್ಲ, ಮಕ್ಕಳಲ್ಲೂ ಹುಡುಗಿಯರನ್ನೇ ಹುಡುಕುತ್ತಿತ್ತು. ನಾನು ಮೊರವನ್ನು ಗುರಾಣಿಯ ಹಾಗೆ ಹಿಡಿದು ಹೋಗುವುದನ್ನು ಕಲಿತೆ. ಒಂದು ದಿನ ಮೊರ ಸಿಗಲಿಲ್ಲ. ಕಾಲಿನ ಮುಳ್ಳಿನಿಂದ ಅದು ಬಗೆದ ಗಾಯಕ್ಕೆ ಅಜ್ಜಿ ಅರಿಶಿನ ಮೆತ್ತಿ, “ಅಮ್ಮನ ಹುಂಜ ಮುಟ್ಟಿದ್ರೆ ಒಳ್ಳೇದು ಕಣ್ ಮಗ” ಎಂದಳು. ಐವತ್ತು ವರ್ಷದ ಮೇಲಾಯಿತು, ಆ ಒಳ್ಳೆಯದು ಏನು ಎಂದು ಇನ್ನೂ ನೋಡುತ್ತಿದ್ದೇನೆ.

ಐದನೇ ವರ್ಷ ಅಜ್ಜಿ ಗಟ್ಟಿ ಮನಸ್ಸು ಮಾಡಿದಳು. ಹಬ್ಬದ ಹಿಂದಿನ ರಾತ್ರಿ ಅದಕ್ಕೆ ಅನ್ನ, ಬೆಲ್ಲ ಕಲಸಿ ಹಾಕಿ ಅಳುತ್ತ ಮಲಗಿದಳು. ಬೆಳಿಗ್ಗೆ ಕೂಗಿಲ್ಲ. ಅಟ್ಟದ ಮೇಲೆ ಹುಂಜವಿಲ್ಲ. ಹುಣಸೆಮರದ ಕೆಳಗೆ ನಾಲ್ಕು ಕೆಂಪು ಗರಿ, ಒಂದು ಕಪ್ಪು ಗರಿ. ತಾತ ಕಾಡುಬೆಕ್ಕು ಎಂದರು. ಅಜ್ಜಿ ಒಪ್ಪಲಿಲ್ಲ. ಐದು ವರ್ಷ ಕಾಯಿಸಿದ್ದಕ್ಕೆ ಅಮ್ಮನೇ ಖುದ್ದು ಬಂದು ತೆಗೆದುಕೊಂಡು ಹೋದಳು ಎಂದಳು. ತೆಂಗಿನಕಾಯಿ ಒಡೆದಳು, ಹದಿನಾರು ಜನಕ್ಕೆ ಊಟ ಹಾಕಿದಳು. ಚಿಕ್ಕಮಾವ ಬಹಳ ನೊಂದುಕೊಂಡಿದ್ದ. ಮೂವರು ಗೆಳೆಯರನ್ನು ಕಟ್ಟಿಕೊಂಡು, ಲಾಟೀನು ಹಿಡಿದು, ಮಾರನೇ ರಾತ್ರಿಯೆಲ್ಲ ಕೆರೆಯ ಏರಿಯ ಮೇಲೆ ಹುಡುಕಿದ. ಸಾಯುವವರೆಗೂ ಅಜ್ಜಿ, ಮಾರಮ್ಮ ತನ್ನ ಮನೆಯ ಅಟ್ಟ ಹತ್ತಿ ಬಂದ ಕಥೆಯನ್ನು ಬಂದವರಿಗೆಲ್ಲ ಹೇಳಿದಳು. ಹೇಳುತ್ತ ಹೇಳುತ್ತ ಗೆಜ್ಜೆಯ ಸದ್ದೂ ಅದರಲ್ಲಿ ಸೇರಿಕೊಂಡಿತು.

ಅಜ್ಜಿ ಹೋಗಿ ಹನ್ನೆರಡು ವರ್ಷದ ಮೇಲೆ ನನ್ನ ತಮ್ಮನ ಮನೆಯ ಗೃಹಪ್ರವೇಶದ ಮಾರನೇ ದಿನ ಮುದ್ದೆ, ನಾಟಿಕೋಳಿ ಸಾರು. ಚಿಕ್ಕಮಾವ ಎರಡನ್ನೂ ಮುಗಿಸಿ, ಬೆರಳು ನೆಕ್ಕುತ್ತ, ತೃಪ್ತಿಯಿಂದ ಹೇಳಿದ. “ಈಗಿನವು ಏನು ಕೋಳಿ, ಬೆಂದ ಸೌತೆಕಾಯಿ. ಅವ್ವನ ಆ ಹುಂಜ ಇತ್ತಲ್ಲ, ಹೊಗೆಸೊಪ್ಪಿನ ಖಾಲಿ ಬ್ಯಾರನ್ನಿನಲ್ಲಿ ಒಲೆ ಹೂಡಿ ನಾಲ್ಕು ಗಂಟೆ ಬೇಯಿಸಿದರೂ ಮೂಳೆ ಬಿಡಲಿಲ್ಲ.”

ಪಂಕ್ತಿಯಲ್ಲಿ ಯಾರೂ ಮಾತಾಡಲಿಲ್ಲ. ನನ್ನ ತಾಯಿ ಎಲೆ ಬಿಟ್ಟು ಎದ್ದು ಹೋದಳು. ಯಾರ ಪ್ರಾಣಕ್ಕೆಂದು ಹರಕೆ ಹೊತ್ತರೋ ಅವನೇ. ಮಾವನಿಗೆ ಈಗ ಎಪ್ಪತ್ತೊಂಬತ್ತು. ಸಕ್ಕರೆ ಇಲ್ಲ, ಬಿ.ಪಿ. ಇಲ್ಲ, ಹಲ್ಲೆಲ್ಲ ಸ್ವಂತದ್ದು. ಮಾರಮ್ಮ ಈ ವಿಚಾರವನ್ನು ಅಷ್ಟೇನೂ ಮನಸ್ಸಿಗೆ ಹಚ್ಚಿಕೊಂಡ ಹಾಗೆ ಕಾಣುವುದಿಲ್ಲ. ನನಗೆ ಮಾತ್ರ ಅಂದು ಒಳಗೊಳಗೇ ಸ್ವಲ್ಪ ಸಮಾಧಾನವಾಯಿತು. ಬೆಂದದ್ದು ಸಾಲದು, ಇನ್ನೂ ಎರಡು ಗಂಟೆ ಒಲೆಯ ಮೇಲಿರಬೇಕಿತ್ತು.

ಸರೋಜಪ್ಪನ ವಿಚಾರಕ್ಕೂ ಇದಕ್ಕೂ ಏನು ಸಂಬಂಧವೋ. ಪುಟ್ಟಮ್ಮನಿಗೆ ಇಷ್ಟನ್ನೂ ಹೇಳಿದೆ. ಅವಳು ಪಾತ್ರೆ ತೊಳೆಯುತ್ತ, “ನಾಕೇ ಗಂಟೆಗೆ ಬೆಂದಿದ್ರೆ ಅದು ಎಳೇದೇ ಬುಡಿ” ಎಂದಳು.

ಕನ್ನಡದ ಟೀಚರಿಗೆ ಹುಂಜ ಎಂದೊಡನೆ ನೆನಪಾಗಬೇಕಾದದ್ದು ಜನ್ನ. 1209ರ ಯಶೋಧರ ಚರಿತೆ. ಪ್ರಾಣಿಬಲಿ ಬೇಡವೆಂದ ಮಗ, ಬೇಕೇ ಬೇಕೆಂದ ತಾಯಿ, ಕೊನೆಗೆ ಹಿಟ್ಟಿನ ಕೋಳಿಗೆ ರಾಜಿ. ಕತ್ತಿ ಬಿದ್ದೊಡನೆ ಆ ಹಿಟ್ಟಿನ ಕೋಳಿ ಕೂಗಿತು. ಇದನ್ನು ಎಷ್ಟು ವರ್ಷ ಪಾಠ ಮಾಡಿದ್ದೇನೆ, ಮನಸ್ಸಿನಲ್ಲಿ ಕೊಂದರೂ ಅದು ಸಂಕಲ್ಪಹಿಂಸೆ ಎಂದು ಕರಿಹಲಗೆಯ ಮೇಲೆ ದೊಡ್ಡದಾಗಿ ಬರೆದಿದ್ದೇನೆ. ಜನ್ಮಜನ್ಮ ಅಲೆದ ತಾಯಿ-ಮಗ ಕೊನೆಗೆ ಕೋಳಿಗಳಾಗಿ ಹುಟ್ಟಿ, ಧರ್ಮದ ಮಾತು ಕಿವಿಗೆ ಬಿದ್ದ ಸಂತೋಷಕ್ಕೆ ಕೂಗಿದಾಗ, ಅರಸು ಶಬ್ದವೇಧಿ ವಿದ್ಯೆ ತೋರಿಸಲು ಕೂಗು ಬಂದ ಕಡೆ ಬಾಣ ಬಿಟ್ಟು ಎರಡನ್ನೂ ಕೊಂದ. ಕರಿಹಲಗೆಯ ಮುಂದೆ ನಿಂತಾಗ ಈ ಭಾಗದಲ್ಲಿ ನನಗೆ ಕರ್ಮಸಿದ್ಧಾಂತ ಕಾಣಿಸುತ್ತಿತ್ತು. ಈಗ ಟ್ರ್ಯಾಕ್ ಪ್ಯಾಂಟು ಕಾಣಿಸುತ್ತದೆ.

ಹೋದ ತಿಂಗಳ ಕೊನೆಯ ಭಾನುವಾರದೊಳಗೆ ತೀರ್ಮಾನ ಮಾಡುವುದೆಂದು ಇಬ್ಬರೂ ಕೂತು ಮಾತಾಡಿದೆವು. ಶನಿವಾರ ನಾಗರತ್ನ ಕಾವಿಗೆ ಕೂತಳು. ಹತ್ತಿರ ಹೋದರೆ ಬುಸ್ಸೆಂದು ಉಬ್ಬುತ್ತಾಳೆ, ಕೈಗೆ ಕುಕ್ಕುತ್ತಾಳೆ. ಪುಟ್ಟಮ್ಮ ನನ್ನನ್ನು ಒಂದು ಮಾತೂ ಕೇಳದೆ, ಫ್ರಿಜ್ಜಿಗೆ ಹೋಗದೆ ಉಳಿದಿದ್ದ ಒಂಬತ್ತು ಮೊಟ್ಟೆ ಆರಿಸಿ, ಬುಟ್ಟಿಗೆ ಹುಲ್ಲು ಹಾಸಿ, ಇದ್ದಲಿನ ಒಂದು ಚೂರು, ಒಂದು ಕಬ್ಬಿಣದ ಮೊಳೆ ಇಟ್ಟು ಅವಳ ಕೆಳಗೆ ಸರಿಸಿದಳು. ಮೊಳೆ ಯಾಕೆ ಎಂದರೆ “ಗುಡುಗಿಗೆ” ಎಂದಳು. 21 ದಿನ. ಇವತ್ತಿಗೆ ಹನ್ನೆರಡು.

ತಾಯಿ ಕಾವಿಗೆ ಕೂತಿರುವಾಗ ತಂದೆಯನ್ನು ಮನೆಯಿಂದ ಓಡಿಸುವುದು ಯಾವ ನ್ಯಾಯ ಎಂದು ಯಜಮಾನರು ತೀರ್ಮಾನವನ್ನು ಮುಂದೂಡಿದ್ದಾರೆ. ಒಂಬತ್ತೂ ಒಡೆದರೆ ಅದರಲ್ಲಿ ನಾಲ್ಕೋ ಐದೋ ಹುಂಜವೇ ಆಗುತ್ತವೆ ಎಂದು ನಾನು ಹೇಳಿದ್ದು ಅವರಿಗೆ ಕೇಳಿಸಲಿಲ್ಲ. ಗ್ರಾಫ್ ಹಾಳೆಯ ಮೇಲೆ ದೊಡ್ಡ ಗೂಡಿನ ನಕ್ಷೆ ಬರೆಯುತ್ತಿದ್ದರು. ಮೂಲೆಮನೆಯ ಕಡೆಗೆ ಬರುವ ಗೋಡೆಗೆ ಥರ್ಮಾಕೋಲು ಹಾಕುವ ಆಲೋಚನೆಯಿದೆ.

ಇವತ್ತು ಬುಧವಾರ. ಹೆಚ್ಚುಕಡಿಮೆ ಎರಡು ತಿಂಗಳ ಮೇಲೆ ರಾಯರು ಗೇಟು ತೆಗೆದರು. ಗೇಟು ಸದ್ದೇ ಮಾಡಲಿಲ್ಲ, ಅಷ್ಟು ಗ್ರೀಸು ಕುಡಿದಿದೆ. ಕೈಯಲ್ಲಿ ಡಬ್ಬಿ. ಆಚೆ ಈಚೆ ನೋಡಿ, ತಗ್ಗಿದ ದನಿಯಲ್ಲಿ, “ಇದ್ದಾನಾ ಇನ್ನೂ?” ಎಂದರು. ಹಿತ್ತಲಿನಿಂದ ಸರೋಜಪ್ಪನೇ ಉತ್ತರ ಕೊಟ್ಟ. ನಾಗರತ್ನ ಕಾವಿಗೆ ಕೂತಿದ್ದಾಳೆ, ಉಳಿದವರದ್ದು ನಿಮಗೆ ಆಗುವುದಿಲ್ಲವಲ್ಲ ಎಂದೆ. ಅವರು ಇನ್ನೂ ಹತ್ತಿರ ಬಂದರು.

“ಮೇಡಂ, ತಪ್ಪು ತಿಳಿಯಬಾರದು. ನಾನು ಸಂಧ್ಯಾವಂದನೆಗೆ ಟೆರೇಸಿಗೆ ಹೋದಾಗ ನಿಮ್ಮ ಹಿತ್ತಲು ಕಾಣುತ್ತೆ. ಮೂರು ವಾರದಿಂದ ನೋಡ್ತಾ ಇದೀನಿ, ಬೆಳಿಗ್ಗೆ, ಸಂಜೆ ಎರಡು ಹೊತ್ತೂ. ಆ ಬಿಳೀದು ಇದೆಯಲ್ಲ, ಚಿಕ್ಕದು...”

“ಪುಟ್ಟಲಕ್ಷ್ಮಿ” ಎಂದೆ.

“ಪುಟ್ಟಲಕ್ಷ್ಮಿ. ಅವಳ ಹತ್ತಿರ ಅವನು ಹೋಗೋದೇ ಇಲ್ಲ. ಅವಳೂ ಅವನನ್ನ ಸೇರಿಸಲ್ಲ. ಅವಳದ್ದು ಗುರುತು ಹಿಡಿದು ಬೇರೆ ಎತ್ತಿಡೋಕೆ ಆಗುತ್ತಾ?”

ಪುಟ್ಟಲಕ್ಷ್ಮಿ ಇನ್ನೂ ಮೊಟ್ಟೆಯಿಡಲು ಶುರುಮಾಡಿಲ್ಲ. ನಾನು ಅದನ್ನು ಹೇಳಲಿಲ್ಲ. ಡಬ್ಬಿ ಇಟ್ಟು ಹೋಗಿ ಎಂದೆ.